ಸೂಪರ್‌ಮಾರ್ಕೆಟ್ ಸಮಾನ ವೇತನದ ಕ್ಲೇಮ್: ಮೊದಲು ತಾರೀಖು ನೋಡಿ

ಬ್ರಿಟನ್ನಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಟಿಲ್ ಮೇಲೆ, ಅಂದರೆ ಬಿಲ್ ಹಾಕುವ ಕೌಂಟರ್‌ನಲ್ಲಿ, ಕೂರುವ, ಶೆಲ್ಫ್ ತುಂಬಿಸುವ ಕನ್ನಡದವರೂ ಇದ್ದಾರೆ. ಓದಲು ಬಂದ ಹುಡುಗಿಯರು, ಗಂಡನ ವೀಸಾ ಮೇಲೆ ಬಂದು ಮಕ್ಕಳ ಸ್ಕೂಲ್ ಟೈಮ್ ನೋಡಿಕೊಂಡು ಪಾರ್ಟ್ ಟೈಮ್ ಹಿಡಿದವರು. ಸಮಾನ ವೇತನದ ಕೇಸ್ ನಡೆಯುತ್ತಿದೆ ಅನ್ನುವುದು ಇವರಲ್ಲಿ ಬಹಳ ಜನಕ್ಕೆ ಗೊತ್ತು. ಆದರೂ ಹಕ್ಕಿದ್ದ ದುಡ್ಡನ್ನು ಕೈಯಾರೆ ಬಿಟ್ಟವರನ್ನು ನಾನು ನೋಡುತ್ತಲೇ ಇದ್ದೇನೆ. ಕಾನೂನು ಅವರ ಪರ ಇತ್ತು, ತಾರೀಖು ದಾಟಿಹೋಗಿತ್ತು. ಅದಕ್ಕೇ ಇದನ್ನು ಬರೆಯುತ್ತಿರುವುದು.

ವಿಷಯ ಇಷ್ಟು. ಅಂಗಡಿಯಲ್ಲಿ ಹೆಂಗಸರು ಜಾಸ್ತಿ. ಅದೇ ಕಂಪನಿಯ ಗೋದಾಮಿನಲ್ಲಿ, ಅಂದರೆ ಡಿಸ್ಟ್ರಿಬ್ಯೂಷನ್ ಸೆಂಟರ್‌ನಲ್ಲಿ, ಗಂಡಸರು ಜಾಸ್ತಿ, ಗಂಟೆಯ ಸಂಬಳವೂ ಜಾಸ್ತಿ. 2010ರ ಈಕ್ವಾಲಿಟಿ ಆ್ಯಕ್ಟ್ ಪ್ರಕಾರ ಇಬ್ಬರ ಕೆಲಸ ಒಂದೇ ಆಗಿರಬೇಕು ಅಂತೇನಿಲ್ಲ. ಶ್ರಮ, ಕೌಶಲ, ತೆಗೆದುಕೊಳ್ಳುವ ತೀರ್ಮಾನ ಇವನ್ನೆಲ್ಲ ತೂಗಿದಾಗ ಸಮ ಬಂದರೆ ಸಾಕು. ಆಸ್ಡಾ ಸೂಪರ್‌ಮಾರ್ಕೆಟ್‌ನ ಅಂಗಡಿಯವರು ಗೋದಾಮಿನವರ ಜೊತೆ ಹೋಲಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಹೇಳಿತು. ಅದೇ ವರ್ಷ ಜೂನ್‌ನಲ್ಲಿ ಯುರೋಪಿನ ನ್ಯಾಯಾಲಯ ಇನ್ನೊಂದು ಸೂಪರ್‌ಮಾರ್ಕೆಟ್ ಟೆಸ್ಕೋದ ಕೆಲಸಗಾರರ ಪರ ನಿಂತಿತು. 2024ರ ಆಗಸ್ಟ್‌ನಲ್ಲಿ ಬಟ್ಟೆ ಅಂಗಡಿ ನೆಕ್ಸ್ಟ್ ವಿರುದ್ಧ 3,500ಕ್ಕೂ ಹೆಚ್ಚು ಜನ ಟ್ರಿಬ್ಯೂನಲ್‌ನಲ್ಲಿ, ಅಂದರೆ ಕೆಲಸದ ತಕರಾರು ಕೇಳುವ ನ್ಯಾಯಮಂಡಳಿಯಲ್ಲಿ, ಗೆದ್ದರು.

ಯಾರು ಹಾಕಬಹುದು? ಅಂಗಡಿಯಲ್ಲಿ ಗಂಟೆ ಲೆಕ್ಕದ ಸಂಬಳಕ್ಕೆ ಇರುವವರು, ಇತ್ತೀಚೆಗೆ ಬಿಟ್ಟವರು, ಪಾರ್ಟ್ ಟೈಮ್‌ನವರು. ವಿದ್ಯಾರ್ಥಿ ವೀಸಾದಲ್ಲಿ ವಾರಕ್ಕೆ 20 ಗಂಟೆ ಮಾಡಿದವರೂ ಸೇರುತ್ತಾರೆ. ಅದೇ ಅಂಗಡಿ ಕೆಲಸ ಮಾಡುವ ಗಂಡಸರೂ ಹೆಂಗಸರ ಕ್ಲೇಮ್‌ಗೆ ಜೋಡಿಸಿಕೊಂಡು ಹಾಕಬಹುದು. ಇದು ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಗೊತ್ತೇ ಇರುವುದಿಲ್ಲ.

ಈಗ ತಾರೀಖಿಗೆ ಬರೋಣ. ಇದನ್ನು ನಿಧಾನವಾಗಿ ಓದಿ.

ಕೆಲಸದಲ್ಲಿ ಇರುವವರೆಗೆ ಕ್ಲೇಮ್ ಹಾಕಲು ಕೊನೆಯ ದಿನ ಅಂತ ಇಲ್ಲ. ಬಿಟ್ಟ ಮೇಲೆ ಟ್ರಿಬ್ಯೂನಲ್‌ಗೆ ಹೋಗಲು ಇರುವುದು ಆರು ತಿಂಗಳಿಗೆ ಒಂದು ದಿನ ಕಮ್ಮಿ. ಕೊನೆಯ ದಿನ ಮಾರ್ಚ್ 10 ಆಗಿದ್ದರೆ ನಿಮ್ಮ ಗಡುವು ಸೆಪ್ಟೆಂಬರ್ 9, ಸೆಪ್ಟೆಂಬರ್ 10 ಅಲ್ಲ. ಕೋರ್ಸ್ ಮುಗಿಸಿ ಬೆಂಗಳೂರಿಗೆ ಮರಳಿ, ಹೊಸ ಕೆಲಸ ಹುಡುಕಿ, ಸ್ವಲ್ಪ ಸೆಟಲ್ ಆದ ಮೇಲೆ ನೋಡೋಣ ಅಂದುಕೊಂಡರೆ ಆ ಆರು ತಿಂಗಳು ಯಾವಾಗ ಹೋಯಿತು ಅಂತಲೇ ತಿಳಿಯುವುದಿಲ್ಲ. ಗಡುವು ದಾಟಿದವರಿಗೆ ಸಿವಿಲ್ ಕೋರ್ಟ್ ದಾರಿ ಇದೆ, ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ ಕೇಸಿನಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದೆ. ಆದರೆ ಅಲ್ಲಿ ಶುಲ್ಕ ಕಟ್ಟಬೇಕು, ಸೋತರೆ ಎದುರಿನವರ ಖರ್ಚೂ ತಲೆ ಮೇಲೆ ಬರಬಹುದು. ಟ್ರಿಬ್ಯೂನಲ್‌ನಲ್ಲಿ 2017ರಿಂದ ಶುಲ್ಕವೇ ಇಲ್ಲ.

ಇನ್ನೂ ಕೆಲಸದಲ್ಲಿ ಇದ್ದೇವಲ್ಲ, ಅವಸರ ಏನು ಅನ್ನುವವರು ಇದನ್ನು ಕೇಳಿ. ಬಾಕಿ, ಅಂದರೆ ಇಷ್ಟು ದಿನ ಕಮ್ಮಿ ಕೊಟ್ಟ ಸಂಬಳದ ವ್ಯತ್ಯಾಸ, ಸಿಗುವುದು ಕ್ಲೇಮ್ ದಾಖಲಾದ ದಿನದಿಂದ ಹಿಂದಕ್ಕೆ 6 ವರ್ಷದವರೆಗೆ ಮಾತ್ರ, ಸ್ಕಾಟ್ಲೆಂಡ್‌ನಲ್ಲಿ 5. ಉದಾಹರಣೆಗೆ ಗಂಟೆಗೆ 2 ಪೌಂಡ್ ವ್ಯತ್ಯಾಸ, ವಾರಕ್ಕೆ 20 ಗಂಟೆ ಅಂದುಕೊಳ್ಳಿ. ವಾರಕ್ಕೆ 40 ಪೌಂಡ್, ವರ್ಷಕ್ಕೆ 2,080 ಪೌಂಡ್. ಎಂಟು ವರ್ಷದಿಂದ ಅಲ್ಲೇ ದುಡಿಯುತ್ತಿರುವವರು ಕ್ಲೇಮ್ ತಡ ಮಾಡಿದ ಒಂದೊಂದು ವಾರಕ್ಕೂ ಹಳೆಯ ಒಂದು ವಾರದ 40 ಪೌಂಡ್ ಉದುರಿಹೋಗುತ್ತದೆ. ದೊಡ್ಡ ಕೇಸ್ ಮುಗಿಯಲಿ, ಗೆದ್ದರೆ ನಾನೂ ಹಾಕುತ್ತೇನೆ ಅಂತ ಕಾಯುವುದು ಶುದ್ಧ ನಷ್ಟ. ಕಾಯಬೇಡಿ.

ತಾರೀಖು ಬರೆದುಕೊಂಡಿರಾ? ಇನ್ನು ಕಾಗದ. ಪೇಸ್ಲಿಪ್, ಪಿ60 ಅಂದರೆ ವರ್ಷದ ಸಂಬಳ ಮತ್ತು ತೆರಿಗೆಯ ಚೀಟಿ, ಕಾಂಟ್ರಾಕ್ಟ್. ಇವೆಲ್ಲ ಕಂಪನಿಯ ಪೇರೋಲ್ ಪೋರ್ಟಲ್‌ನಲ್ಲಿ ಇರುತ್ತವೆ, ಕೆಲಸ ಬಿಟ್ಟ ಮೇಲೆ ಆ ಲಾಗಿನ್ ಬಂದ್ ಆಗಬಹುದು. ಆದ್ದರಿಂದ ನೋಟಿಸ್ ಕೊಡುವ ಮೊದಲೇ ಎಲ್ಲ ಡೌನ್‌ಲೋಡ್ ಮಾಡಿ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಆಗಲೇ ಬಿಟ್ಟಿದ್ದರೆ ನನ್ನ ಸಂಬಳ, ಶಿಫ್ಟ್, ಕಾಂಟ್ರಾಕ್ಟ್ ದಾಖಲೆಗಳ ಪ್ರತಿ ಕೊಡಿ ಅಂತ ಕಂಪನಿಗೆ ಒಂದು ಮೇಲ್ ಹಾಕಿ. ಡೇಟಾ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಪುಕ್ಕಟೆ ಕೊಡಬೇಕು.

ಪೇಸ್ಲಿಪ್ ಸಿಕ್ಕಿತಲ್ಲ, ಅದರಲ್ಲಿ ಕಂಪನಿಯ ಪೂರ್ತಿ ಹೆಸರು ನೋಡಿ. ಬೋರ್ಡ್ ಮೇಲಿನ ಹೆಸರು ಬೇರೆ, ಸಂಬಳ ಕೊಡುವ ಕಂಪನಿಯ ಹೆಸರು ಬೇರೆ ಇರಬಹುದು. ಪೆಟ್ರೋಲ್ ಬಂಕ್ ಒಳಗಿನ ಸಣ್ಣ ಅಂಗಡಿಯನ್ನು ಫ್ರಾಂಚೈಸಿಯವರು ನಡೆಸುತ್ತಿರಬಹುದು, ಏಜೆನ್ಸಿ ಮೂಲಕ ಹೋಗಿದ್ದರೆ ಸಂಬಳ ಕೊಟ್ಟಿದ್ದು ಏಜೆನ್ಸಿಯೇ ಆಗಿರಬಹುದು. ಹಾಗಿದ್ದರೆ ವಕೀಲರಿಗೆ ಮೊದಲ ಮಾತಿನಲ್ಲೇ ಹೇಳಿ.

ಮುಂದಿನದು ಎಕಾಸ್. ಟ್ರಿಬ್ಯೂನಲ್‌ಗೆ ಹೋಗುವ ಮೊದಲು ರಾಜಿ ಮಾಡಿಸುವ ಈ ಸರ್ಕಾರಿ ಸಂಸ್ಥೆಗೆ ತಿಳಿಸಲೇಬೇಕು. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗೆ ಈ ನಿಯಮ, ಉತ್ತರ ಐರ್ಲೆಂಡ್‌ನ ವ್ಯವಸ್ಥೆ ಬೇರೆ. ಆನ್‌ಲೈನ್ ಫಾರ್ಮ್, ದುಡ್ಡಿಲ್ಲ. ಗಡುವಿನ ಒಳಗೆ ತಿಳಿಸಿದರೆ ರಾಜಿ ಮಾತುಕತೆ ನಡೆಯುವಷ್ಟು ದಿನ ಗಡಿಯಾರ ನಿಲ್ಲುತ್ತದೆ. ಆಮೇಲೆ ಒಂದು ಸರ್ಟಿಫಿಕೇಟ್ ಬರುತ್ತದೆ. ಅದರ ನಂಬರನ್ನು ಇಟಿ1 ಎಂಬ ಟ್ರಿಬ್ಯೂನಲ್ ಫಾರ್ಮ್‌ನಲ್ಲಿ ಹಾಕಬೇಕು. ನಂಬರ್ ಬಿಟ್ಟರೆ ಫಾರ್ಮ್ ವಾಪಸ್ ಬರುತ್ತದೆ, ಕಂಪನಿಯ ಹೆಸರು ತಾಳೆಯಾಗದಿದ್ದರೂ ಬರಬಹುದು. ವಾಪಸ್ ಬರುವ ಹೊತ್ತಿಗೆ ತಾರೀಖು ದಾಟಿರುತ್ತದೆ.

ಜನ ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ: ವಕೀಲರ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿದ್ದೇನೆ, ಕ್ಲೇಮ್ ಆಯಿತು ಅಂದುಕೊಳ್ಳುವುದು. ಆಗಿಲ್ಲ! ಅದು ಬರೀ ನೋಂದಣಿ. ಅವರು ಕಳಿಸಿದ ಒಪ್ಪಂದಕ್ಕೆ ಸಹಿ ಮಾಡಿ ವಾಪಸ್ ಕಳಿಸಬೇಕು, ಅವರು ಎಕಾಸ್ ಮಾಡಬೇಕು, ಟ್ರಿಬ್ಯೂನಲ್‌ಗೆ ಹಾಕಬೇಕು. ಆ ಮೇಲ್ ಸ್ಪ್ಯಾಮ್‌ನಲ್ಲೇ ಕೂತಿದ್ದರೆ ಏನೂ ಆಗಿರುವುದಿಲ್ಲ. ಎಕಾಸ್ ಸರ್ಟಿಫಿಕೇಟ್ ನಂಬರ್ ಏನು, ಟ್ರಿಬ್ಯೂನಲ್ ಕೇಸ್ ನಂಬರ್ ಏನು, ಯಾವ ದಿನ ದಾಖಲಾಯಿತು ಅಂತ ಬರಹದಲ್ಲಿ ಕೇಳಿ. ಉತ್ತರ ಬರುವವರೆಗೆ ಬಿಡಬೇಡಿ. ಗಡುವಿಗೆ ಕೆಲವೇ ದಿನ ಇದ್ದರೆ ಎಕಾಸ್ ಫಾರ್ಮ್ ಇವತ್ತೇ ನೀವೇ ತುಂಬಿ, ವಕೀಲರನ್ನು ನಾಳೆ ಹುಡುಕಿ.

ವಕೀಲರು ಬೇಕೇ? ನನ್ನ ಪ್ರಕಾರ ಬೇಕೇ ಬೇಕು. ಸಮ ಮೌಲ್ಯದ ಕೇಸ್ ಒಬ್ಬರೇ ನಡೆಸುವಂಥದ್ದಲ್ಲ, ಗುಂಪಿನ ಜೊತೆ ಸೇರಿ. ಜಿಎಂಬಿ ಥರದ ಯೂನಿಯನ್ ಸದಸ್ಯತ್ವ ಇದ್ದರೆ ಮೊದಲು ಅಲ್ಲಿ ಕೇಳಿ. ಗೆದ್ದರೆ ಮಾತ್ರ ಫೀಸ್ ಅನ್ನುವವರು ಪರಿಹಾರದಲ್ಲಿ ಪಾಲು ತೆಗೆದುಕೊಳ್ಳುವುದಾದರೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ವ್ಯಾಟ್ ಸೇರಿ ಶೇ 35 ಮೀರುವಂತಿಲ್ಲ. ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನುವ ಸಾಲನ್ನು ಹುಡುಕಿ ಓದಿ. ಫೇಸ್‌ಬುಕ್‌ನಲ್ಲಿ ನಿಮಗೆಷ್ಟು ಸಾವಿರ ಪೌಂಡ್ ಬರುತ್ತೆ ನೋಡಿ ಅನ್ನುವ ಕ್ಯಾಲ್ಕ್ಯುಲೇಟರ್‌ಗಳನ್ನು ಮುಟ್ಟಬೇಡಿ, ಅವಕ್ಕೆ ಬೇಕಿರುವುದು ನಿಮ್ಮ ಫೋನ್ ನಂಬರ್. ಇಂಗ್ಲೆಂಡ್, ವೇಲ್ಸ್‌ನಲ್ಲಿ ವಕೀಲರ ಮೇಲೆ ನಿಗಾ ಇಡುವ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಕೇಸ್ ಕೊಡಬೇಡಿ.

ಒಂದು ನೋಟ್‌ಬುಕ್ ಇಡಿ. ಫೋನ್ ಬೇಡ, ನೋಟ್‌ಬುಕ್ಕೇ. ನೀವು ನಿಜವಾಗಿ ಏನು ಮಾಡುತ್ತೀರಿ ಅನ್ನುವುದನ್ನು ಅದರಲ್ಲಿ ಬರೆಯಿರಿ. ಟಿಲ್‌ನಲ್ಲಿ ಕೂರುತ್ತೇನೆ ಅಂತ ಒಂದು ಸಾಲು ಬರೆದು ನಿಲ್ಲಿಸುವವರೇ ಎಲ್ಲ. ಸಾಮಾನು ತುಂಬಿದ ಕೇಜ್, ಅಂದರೆ ಚಕ್ರದ ಕಂಬಿ ಗಾಡಿ, ತಳ್ಳಿದ್ದು, ಹಾಲಿನ ಕ್ರೇಟ್ ಎತ್ತಿದ್ದು, ಮದ್ಯ ಮಾರುವಾಗ ವಯಸ್ಸು ಕೇಳಿ ಬೈಸಿಕೊಂಡಿದ್ದು, ಕಳ್ಳತನ ಕಂಡಾಗ ಏನು ಮಾಡಬೇಕು ಅಂತ ಆ ಕ್ಷಣವೇ ತೀರ್ಮಾನಿಸಿದ್ದು, ಹೊಸಬರಿಗೆ ಕೆಲಸ ಕಲಿಸಿದ್ದು ಎಲ್ಲವೂ ಬರಲಿ. ಟ್ರಿಬ್ಯೂನಲ್ ತೂಗುವುದು ಇದನ್ನೇ.

ಮ್ಯಾನೇಜರ್‌ಗೆ ಗೊತ್ತಾದರೆ ಅನ್ನುವ ಭಯ ಇದೆ ಅಲ್ವಾ? ಕ್ಲೇಮ್ ಹಾಕಿದ್ದಕ್ಕೆ ಶಿಫ್ಟ್ ಕಡಿತ ಮಾಡುವುದು, ಕಿರುಕುಳ ಕೊಡುವುದು ಅದೇ ಈಕ್ವಾಲಿಟಿ ಆ್ಯಕ್ಟ್ ಪ್ರಕಾರ ಕಾನೂನುಬಾಹಿರ. ವೇತನ ತಾರತಮ್ಯ ತಿಳಿಯಲು ಸಹೋದ್ಯೋಗಿಗಳ ಸಂಬಳ ಕೇಳುವುದನ್ನು ಕಾಂಟ್ರಾಕ್ಟಿನ ಗುಟ್ಟಿನ ಷರತ್ತು ತಡೆಯಲಾರದು. ಕೆಲಸ ಬಿಡುವಾಗ ಹೆಚ್ಚುವರಿ ದುಡ್ಡು ಕೊಟ್ಟು ಸೆಟ್ಲ್‌ಮೆಂಟ್ ಪತ್ರ ಮುಂದಿಟ್ಟರೆ ಮಾತ್ರ ಸಹಿಗೆ ಮುಂಚೆ ವಕೀಲರಿಗೆ ತೋರಿಸಿ. ಸಮಾನ ವೇತನದ ಹಕ್ಕನ್ನು ಅದರಲ್ಲೇ ಬರೆದುಕೊಟ್ಟುಬಿಡುವ ಅಪಾಯ ಇದೆ.

ದಾಖಲಾದ ಮೇಲೆ ಮೂರು ಘಟ್ಟ: ಹೋಲಿಕೆ ಸರಿಯೇ, ಕೆಲಸದ ಮೌಲ್ಯ ಸಮವೇ, ಸಂಬಳದ ವ್ಯತ್ಯಾಸಕ್ಕೆ ಲಿಂಗವಲ್ಲದೆ ಬೇರೆ ನಿಜವಾದ ಕಾರಣ ಇದೆಯೇ. ಆಸ್ಡಾ ಕೇಸ್ ಶುರುವಾಗಿ ಹತ್ತು ವರ್ಷ ದಾಟಿದೆ. ಅಷ್ಟರಲ್ಲಿ ನೀವು ಮನೆ ಬದಲಿಸಿರುತ್ತೀರಿ, ಊರಿಗೆ ಮರಳಿರುತ್ತೀರಿ, ಮದುವೆಯಾಗಿ ಹೆಸರು ಬದಲಾಗಿರುತ್ತದೆ, ಬ್ರಿಟನ್ನಿನ ಸಿಮ್ ಸತ್ತಿರುತ್ತದೆ. ಕ್ಲೇಮ್‌ಗೆ ಯೂನಿವರ್ಸಿಟಿ ಮೇಲ್ ಕೊಡಬೇಡಿ, ಯಾವತ್ತೂ ಬದಲಾಗದ ಸ್ವಂತ ಮೇಲ್ ಕೊಡಿ. ವಿಳಾಸ, ಹೆಸರು, ಫೋನ್ ಏನೇ ಬದಲಾದರೂ ಅದೇ ವಾರ ಕೇಸ್ ನಂಬರ್ ಸಮೇತ ವಕೀಲರಿಗೆ ತಿಳಿಸಿ.