ಹೂವಿನ ಬುಟ್ಟಿಯಿಂದ ಐದು ಹೆಜ್ಜೆ

ನಮ್ಮ ನಾಯಿ ಬೆಲ್ಲನಿಗೆ ಆಗ ಎಂಟು ತಿಂಗಳು. ಗುರುವಾರ ಸಂಜೆ, ವಾಕಿಂಗ್ ಮುಗಿಸಿ ಗಾಂಧಿ ಬಜಾರಿನ ಕಡೆಯಿಂದ ಮನೆಗೆ ಬರುತ್ತಿದ್ದೆವು. ಫುಟ್‌ಪಾತಿನ ಮೇಲೆ ಹೂ ಮಾರುವ ಅಮ್ಮ ಒಬ್ಬರು ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿಕೊಂಡು ಕೂತಿದ್ದರು. ನಾನು ಫೋನಿನಲ್ಲಿ ಮಾತಾಡುತ್ತಿದ್ದೆ. ಬೆಲ್ಟ್ ಸಡಿಲವಾಗಿ ಉದ್ದಕ್ಕೆ ಬಿಟ್ಟಿದ್ದೆ. ನೋಡುನೋಡುತ್ತಿದ್ದಂತೆ ಅವನು ಒದ್ದೆ ಬಟ್ಟೆಯೊಳಗೆ ಮೂತಿ ತೂರಿಸಿ, ಒಂದು ಮಲ್ಲಿಗೆ ದಂಡೆಯನ್ನು ಬಾಯಲ್ಲಿ ಹಿಡಿದು ಎಳೆದುಬಿಟ್ಟ.

ಆ ಅಮ್ಮ ಕೂಗಾಡಲಿಲ್ಲ. ಬುಟ್ಟಿಯನ್ನು ತೊಡೆ ಮೇಲೆ ಎಳೆದುಕೊಂಡು ಸುಮ್ಮನೆ ನೋಡುತ್ತಾ ಕೂತರು. "ಪೂರ್ತಿ ಬುಟ್ಟಿ ದುಡ್ಡು ಕೊಡ್ತೀನಮ್ಮ" ಅಂದೆ.

"ದುಡ್ಡು ಕೊಡ್ತೀರ ಸ್ವಾಮಿ. ನಾಳೆ ಶುಕ್ರವಾರ. ದಿನಾ ನನ್ನ ಹತ್ರಾನೇ ತಗೊಳ್ಳೋರು ಈಗ ಬರ್ತಾರೆ. ನಾಯಿ ಬಾಯಿ ಹಾಕಿದ್ದನ್ನ ದೇವರಿಗೆ ಕೊಡಕ್ಕಾಗತ್ತಾ? ಅವ್ರಿಗೆ ಏನು ಹೇಳ್ಲಿ?"

ದುಡ್ಡು ಕೊಟ್ಟು ಬಂದೆ. ರಾತ್ರಿ ಊಟ ಸೇರಲಿಲ್ಲ. ಬೆಲ್ಲ ನಮ್ಮ ಬೀದಿಯಲ್ಲೇ ಹುಟ್ಟಿದ ನಾಟಿ ನಾಯಿ. ಎರಡು ತಿಂಗಳ ಮರಿಯಾಗಿದ್ದಾಗ ಮನೆಗೆ ತಂದಿದ್ದೆವು. ಕೂತ್ಕೋ ಅಂದರೆ ಕೂರುತ್ತಿದ್ದ, ಕೈ ಕೊಡು ಅಂದರೆ ಕಾಲು ಕೊಡುತ್ತಿದ್ದ. ಮನೆಗೆ ಬಂದವರೆಲ್ಲ ಜಾಣ ಅನ್ನುತ್ತಿದ್ದರು. ಆದರೆ ರಸ್ತೆಯಲ್ಲಿ ಹೇಗಿರಬೇಕು ಅಂತ ನಾನು ಅವನಿಗೆ ಒಂದು ದಿನವೂ ಕಲಿಸಿರಲಿಲ್ಲ. ತಪ್ಪು ಅವನದಲ್ಲ ಅಂತ ಅವತ್ತು ಗೊತ್ತಾಯಿತು.

ಈಗ ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ಸಾಕುನಾಯಿಗಳು. ಇಂದಿರಾನಗರ, ಕೋರಮಂಗಲದ ಕೆಫೆಗಳಲ್ಲಿ ಟೇಬಲ್ ಪಕ್ಕ ನಾಯಿಗೂ ಒಂದು ಬಟ್ಟಲು ನೀರು ಇಡುತ್ತಾರೆ. ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ನಾಯಿ, ಸ್ಕೂಟರಿನ ಮುಂದೆ ನಾಯಿ. ನನಗೆ ಇದು ಖುಷಿಯ ವಿಷಯ. ಆದರೆ ನಾಯಿ ಕಂಡರೆ ಎದೆ ಹೊಡೆದುಕೊಳ್ಳುವ ಜನ ಕೂಡ ಇದೇ ಫುಟ್‌ಪಾತಿನಲ್ಲೇ ನಡೆಯಬೇಕು. ಅವರ ಜಾಗ ಅವರಿಗೆ ಬಿಟ್ಟು ನನ್ನ ನಾಯಿಯನ್ನು ಹೊರಗೆ ಕರೆದುಕೊಂಡು ಹೋಗೋದು ಹೇಗೆ? ಮೂರು ವರ್ಷದಿಂದ ನಾನು ಮಾಡುತ್ತಿರುವ ಕೆಲಸ ಇದೊಂದೇ.

ಮೊದಲು ಪಶುವೈದ್ಯರ ಹತ್ತಿರ ಹೋದೆ. ಅವರು ಹೇಳಿದ ಒಂದು ಮಾತು ನನಗೆ ಮೊದಲೇ ಗೊತ್ತಿರಬೇಕಿತ್ತು. ಮೂರನೇ ವಾರದಿಂದ ಸುಮಾರು ಮೂರು ತಿಂಗಳವರೆಗೆ ಮರಿ ಏನನ್ನು ನೋಡುತ್ತದೋ, ಕೇಳುತ್ತದೋ, ಅದು ಅದಕ್ಕೆ ಮಾಮೂಲಿ ಆಗುತ್ತದೆ. ಆಮೇಲೆ ನೋಡಿದ್ದೆಲ್ಲ ಹೊಸದು, ಅನುಮಾನದ್ದು. ನಾನು ಇಂಜೆಕ್ಷನ್‌ಗಳು ಮುಗಿಯಲಿ ಅಂತ ಐದು ತಿಂಗಳು ತುಂಬುವ ತನಕ ಅವನನ್ನು ಗೇಟು ದಾಟಿಸಿರಲಿಲ್ಲ. ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೋ ಕಾಯಿಲೆ ಬರುತ್ತದೆ ಅನ್ನುವ ಭಯ ಸರಿಯೇ. ಆದರೆ ನೆಲಕ್ಕೆ ಬಿಡಬೇಕು ಅಂತೇನಿಲ್ಲವಲ್ಲ. ಬಟ್ಟೆ ಚೀಲದಲ್ಲಿ ಕೂರಿಸಿಕೊಂಡು ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ಕೂತಿದ್ದರೂ ಸಾಕಿತ್ತು. ಬಸ್ಸಿನ ಸದ್ದು, ತರಕಾರಿ ಗಾಡಿಯ ಕೂಗು, ಛತ್ರಿ, ಹೆಲ್ಮೆಟ್, ಕೋಲು ಹಿಡಿದ ತಾತ, ಎಲ್ಲವನ್ನೂ ತೋಳಿನ ಮೇಲಿಂದಲೇ ನೋಡುತ್ತಿದ್ದ. ಈಗ ಮರಿ ತರುತ್ತೇವೆ ಅನ್ನುವವರಿಗೆಲ್ಲ ನಾನು ಮೊದಲು ಹೇಳೋದು ಇದನ್ನೇ.

ಆಮೇಲೆ ಬೆಲ್ಟ್ ಬದಲಾಯಿಸಿದೆ. ಉದ್ದಕ್ಕೆ ಬಿಚ್ಚಿಕೊಳ್ಳುವ ಬೆಲ್ಟ್ ತೆಗೆದಿಟ್ಟು ಆರು ಅಡಿಯ ಗಟ್ಟಿ ಬೆಲ್ಟ್ ತಂದೆ. ಕತ್ತಿನ ಪಟ್ಟಿಯ ಬದಲು ಹಾರ್ನೆಸ್, ಅಂದರೆ ಎದೆಗೆ ಸುತ್ತುವ ಪಟ್ಟಿ ಹಾಕಿದೆ; ಬೆಲ್ಟ್ ಸಿಕ್ಕಿಸುವ ಬಳೆ ಎದೆಯ ಮುಂದೆ ಇರುತ್ತದೆ. ಇದರಲ್ಲಿ ಅವನು ಮುಂದಕ್ಕೆ ಎಳೆದರೆ ಮೈ ತಾನಾಗಿಯೇ ನನ್ನ ಕಡೆಗೆ ತಿರುಗುತ್ತದೆ. ಕತ್ತು ಹಿಸುಕುವುದಿಲ್ಲ. ಎಳೆದಾಗಲೆಲ್ಲ ನಾನು ನಿಂತುಬಿಡುತ್ತಿದ್ದೆ. ಬೆಲ್ಟ್ ಸಡಿಲವಾದರೆ ಮಾತ್ರ ಮುಂದಿನ ಹೆಜ್ಜೆ. ಮೊದಲ ವಾರ ನಮ್ಮ ಮನೆಯಿಂದ ಬೀದಿ ಮೂಲೆ ಮುಟ್ಟೋದಕ್ಕೆ ಇಪ್ಪತ್ತೈದು ನಿಮಿಷ ಬೇಕಾಯಿತು.

ಆಮೇಲಿನ ಪಾಠ ದೂರದ್ದು. ಇದರಲ್ಲಿ ನಾನು ಎರಡು ತಿಂಗಳು ಕಳೆದೆ, ಒಂದು ದಿನವೂ ದಂಡವಾಗಲಿಲ್ಲ. ಬೆಳಗ್ಗೆ ಆರೂವರೆಗೆ ಹತ್ತಿರದ ಪಾರ್ಕಿನ ಗೇಟಿನ ಎದುರು, ರಸ್ತೆಯ ಈ ಬದಿಯಲ್ಲಿ ನಿಲ್ಲುತ್ತಿದ್ದೆವು. ಪಾರ್ಕಿನೊಳಗೆ ನಾಯಿಗೆ ಪ್ರವೇಶ ಇಲ್ಲ ಅಂತ ಬೋರ್ಡ್ ಇದೆ, ಹಾಗಾಗಿ ಒಳಗೆ ಹೋಗುವ ಮಾತಿಲ್ಲ. ವಾಕಿಂಗಿಗೆ ಬರುವವರು, ಓಡುವ ಹುಡುಗರು, ನಗೆಕೂಟದವರ ಜೋರು ನಗು, ಎಲ್ಲ ಅಲ್ಲಿಂದಲೇ ಕಾಣುತ್ತದೆ, ಕೇಳುತ್ತದೆ. ಅಷ್ಟು ದೂರದಲ್ಲಿ ಬೆಲ್ಲ ಜನರನ್ನು ನೋಡಿ ಮತ್ತೆ ನನ್ನ ಮುಖ ನೋಡುತ್ತಿದ್ದ. ನನ್ನ ಮುಖ ನೋಡಿದ ಕೂಡಲೇ ಕಡಲೆ ಗಾತ್ರದ ಒಂದು ಚೂರು ಪನೀರ್. ನಮ್ಮ ಅಮ್ಮನ ಅಡುಗೆಮನೆಗೆ ಮಾಂಸ ಬರೋ ಹಾಗಿಲ್ಲ, ಅದಕ್ಕೇ ಪನೀರ್. ಒಂದು ವಾರ ಕಳೆದ ಮೇಲೆ ಎರಡು ಹೆಜ್ಜೆ ಹತ್ತಿರ. ಕಿವಿ ನಿಮಿರಿ, ಬಾಯಿ ಮುಚ್ಚಿ, ಕೊಟ್ಟ ಪನೀರನ್ನೂ ತಿನ್ನದೇ ಇದ್ದರೆ ಜಾಸ್ತಿ ಹತ್ತಿರ ಬಂದುಬಿಟ್ಟೆವು ಅಂತ ಅರ್ಥ. ಸುಮ್ನೆ ಹಿಂದಕ್ಕೆ ಹೋಗಿಬಿಡುತ್ತಿದ್ದೆ.

ನಾಯಿ ಹಲ್ಲು ತೋರಿಸುವುದಕ್ಕೆ ಬಹಳ ಮೊದಲೇ ಹೇಳಬೇಕಾದ್ದನ್ನು ಹೇಳಿರುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ತಿನ್ನೋದಕ್ಕೆ ಏನೂ ಇಲ್ಲದೆ ತುಟಿ ನೆಕ್ಕುತ್ತದೆ. ಮುಖ ಆ ಕಡೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತದೆ. ಬೆಲ್ಲನ ತಲೆ ಸವರಲು ಒಬ್ಬ ಪುಟ್ಟ ಹುಡುಗ ಓಡಿ ಬಂದಾಗ ಅವನು ಹೀಗೆ ತುಟಿ ನೆಕ್ಕಿದ್ದನ್ನು ನಾನು ನೋಡಿದೆ. ತಕ್ಷಣ ಇಬ್ಬರ ನಡುವೆ ನಿಂತೆ. "ಕಂದ, ಇವನಿಗೆ ಸ್ವಲ್ಪ ಭಯ. ಅಲ್ಲಿಂದಲೇ ಟಾಟಾ ಮಾಡು" ಅಂದೆ. ಹುಡುಗ ಟಾಟಾ ಮಾಡಿದ. 'ನಮ್ ನಾಯಿ ಏನೂ ಮಾಡಲ್ಲ' ಅನ್ನುವ ಮಾತನ್ನು ಅವತ್ತಿನಿಂದ ಬಿಟ್ಟೆ. ಹೆದರಿ ನಿಂತವರಿಗೆ ಆ ಮಾತಿನಿಂದ ಏನೂ ಆಗುವುದಿಲ್ಲ. ನಾನು ಬೆಲ್ಟ್ ಮೊಟಕು ಮಾಡಿಕೊಂಡು ಪಕ್ಕಕ್ಕೆ ಸರಿದರೆ ಅವರ ಉಸಿರು ಸರಾಗವಾಗುತ್ತದೆ, ಕಣ್ಣಿಗೇ ಕಾಣುತ್ತದೆ.

ಮೂರನೆಯದು ಜಮಖಾನ. ಹಳೇ ಜಮಖಾನದ ಒಂದು ತುಂಡು ಕತ್ತರಿಸಿ ಮಡಚಿ ಇಟ್ಟುಕೊಂಡಿದ್ದೇನೆ. ಅದನ್ನು ಹಾಸಿ 'ಮಲ್ಕೋ' ಅಂದರೆ ಅಲ್ಲೇ ಮಲಗಬೇಕು. ಮೊದಲು ನಡುಮನೆಯಲ್ಲಿ, ಆಮೇಲೆ ವರಾಂಡದಲ್ಲಿ, ಆಮೇಲೆ ಗೇಟಿನ ಹೊರಗೆ. ಐದು ಸೆಕೆಂಡಿನಿಂದ ಶುರು ಮಾಡಿ ಅರ್ಧ ಗಂಟೆಯವರೆಗೆ ಬಂದಿದ್ದೇವೆ. ಹೊರಗೆ ಹೋದಾಗ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ. ಹೊಸ ಜಾಗದಲ್ಲೂ ಆ ಬಟ್ಟೆ ಅವನ ಮನೆ. ಹಾಗಂತ ದರ್ಶಿನಿಗೆ ನಾನು ಅವನನ್ನು ಕರೆದುಕೊಂಡು ಹೋಗುವುದಿಲ್ಲ. ಮಾಲೀಕರು ಪರವಾಗಿಲ್ಲ ಅಂದರೂ ಇಲ್ಲ. ಜನ ನಿಂತುಕೊಂಡು, ಒಬ್ಬರಿಗೊಬ್ಬರು ತಾಗಿಕೊಂಡು ಇಡ್ಲಿ ತಿನ್ನುವ ಜಾಗದಲ್ಲಿ ಕಾಲ ಕೆಳಗೆ ನಾಯಿ ಯಾಕೆ? ಹೊರಗೆ ಕುರ್ಚಿ ಹಾಕಿ, ನಾಯಿ ತರಬಹುದು ಅಂತ ಅವರೇ ಹೇಳಿರುವ ಕೆಫೆಗೆ ಮಾತ್ರ ಹೋಗುತ್ತೇವೆ, ಅದೂ ಮೂಲೆಯ ಟೇಬಲ್ಲಿಗೆ.

ಬೀದಿನಾಯಿಗಳ ವಿಷಯ ಬೇರೆಯೇ. 2023ರಲ್ಲಿ ಪಾಲಿಕೆ ಮಾಡಿಸಿದ ಗಣತಿಯಲ್ಲಿ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳು ಅಂತ ಬಂತು. ಅಂದರೆ ಪ್ರತಿ ಅಡ್ಡರಸ್ತೆಗೂ ಒಂದು ಗುಂಪು, ಪ್ರತಿ ಗುಂಪಿಗೂ ಒಂದು ಗಡಿ. ನಾವು ಆ ಗಡಿ ದಾಟುವ ಹೊರಗಿನವರು. ಶುರುವಿನಲ್ಲಿ ನಾನು ಕೋಲು ಹಿಡಿದುಕೊಂಡು ಹೋಗುತ್ತಿದ್ದೆ. ಕೋಲು ಎತ್ತಿದಷ್ಟೂ ಅವು ಜಾಸ್ತಿ ಬೊಗಳಿದವು, ಬೆಲ್ಲನೂ ಜಾಸ್ತಿ ಹೆದರಿದ. ಬೆಲ್ಟನ್ನು ಬಿಗಿಯಾಗಿ ಎಳೆದು ಹಿಡಿದರೂ ಹಾಗೆಯೇ. ನನ್ನ ಕೈಯ ಗಾಬರಿ ಬೆಲ್ಟಿನಲ್ಲಿ ಹರಿದು ಅವನಿಗೆ ಮುಟ್ಟುತ್ತಿತ್ತು.

ಕೋಲು ಬಿಟ್ಟೆ. ದಿನಾ ಅದೇ ಹೊತ್ತು, ಅದೇ ದಾರಿ ಮಾಡಿಕೊಂಡೆ. ನೇರವಾಗಿ ಅವುಗಳ ಮುಖಕ್ಕೆ ನುಗ್ಗದೆ ರಸ್ತೆಯ ಆ ಬದಿಯಿಂದ ಬಳಸಿಕೊಂಡು ಹೋಗುವುದು, ನಿಲ್ಲದಿರುವುದು, ಓಡದಿರುವುದು. ಮೂರನೇ ಅಡ್ಡರಸ್ತೆಯಲ್ಲಿ ಒಂದು ಕಪ್ಪು ಹೆಣ್ಣುನಾಯಿ ಇದೆ, ಕಿವಿಯ ತುದಿ ಸ್ವಲ್ಪ ಕತ್ತರಿಸಿದೆ. ಸಂತಾನಹರಣ ಆದ ನಾಯಿಗೆ ಮಾಡುವ ಗುರುತು ಅದು. ಮೊದಲು ಅದೇ ಎಲ್ಲರಿಗಿಂತ ಮುಂದೆ ಬಂದು ಬೊಗಳುತ್ತಿತ್ತು. ಒಂದು ತಿಂಗಳಾದ ಮೇಲೆ ಎದ್ದು ನಿಂತು ನೋಡುತ್ತಿತ್ತು. ಈಗ ಕಾರಿನ ಕೆಳಗೆ ಮಲಗಿದಲ್ಲೇ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಳ್ಳುತ್ತದೆ. ಬಿಸ್ಕತ್ತು ಎಸೆದು ದಾರಿ ಬಿಡಿಸಿಕೊಳ್ಳೋದನ್ನೂ ಒಂದೆರಡು ದಿನ ಮಾಡಿ ನೋಡಿದ್ದೆ. ಮರುದಿನ ನಮ್ಮನ್ನು ಕಂಡ ಕೂಡಲೇ ಇಡೀ ಗುಂಪು ಓಡಿ ಬಂತು. ಆಮೇಲೆ ಅದನ್ನು ಮಾಡಲಿಲ್ಲ.

ರೇಬೀಸ್ ಚುಚ್ಚುಮದ್ದು ಬೆಲ್ಲನಿಗೆ ಮೂರು ತಿಂಗಳಲ್ಲಿ ಹಾಕಿಸಿ, ಆಮೇಲೆ ಪ್ರತಿ ವರ್ಷ ತಪ್ಪದೆ ಹಾಕಿಸುತ್ತೇನೆ. ಕಾರ್ಡಿನ ಫೋಟೋ ಫೋನಿನಲ್ಲಿದೆ. ಯಾರಾದರೂ ಕೇಳಿದರೆ ಮುಖ ಸಿಂಡರಿಸದೆ ತೋರಿಸುತ್ತೇನೆ, ಕೇಳೋದು ಅವರ ಹಕ್ಕು. ರೋಗದ ಲಕ್ಷಣ ಕಾಣಿಸಿಕೊಂಡರೆ ಉಳಿಯೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಯಾವ ನಾಯಿ ಕಚ್ಚಿದರೂ, ಪರಚಿದರೂ, ಸಾಕಿದ್ದೇ ಆದರೂ, ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬಾರದು.

ಇನ್ನು ಕಕ್ಕಸ್ಸಿನ ವಿಷಯ. ಹೇಳೋಕೆ ಸಂಕೋಚ ಪಡಬೇಕಾಗಿಲ್ಲ, ನಾಯಿ ಸಾಕುವವರ ಮೇಲೆ ಜನಕ್ಕೆ ಇರುವ ಸಿಟ್ಟಿನಲ್ಲಿ ಅರ್ಧ ಇದರದ್ದೇ. ಒಂದು ಬೆಳಗ್ಗೆ ನಮ್ಮ ರಸ್ತೆ ಗುಡಿಸುವ ಪೌರಕಾರ್ಮಿಕ ಅಕ್ಕ ರಟ್ಟಿನ ಚೂರೊಂದರಿಂದ ನಾಯಿಯ ಹೇಲು ಕೆರೆದು ತೆಗೆಯುತ್ತಿದ್ದರು. ಕೈಗೆ ಗ್ಲೌಸ್ ಇರಲಿಲ್ಲ. ಅದು ಬೆಲ್ಲನದ್ದೇ ಇರಬಹುದು, ಬೇರೆಯದ್ದೂ ಇರಬಹುದು. ಆದರೆ ಅಲ್ಲಿಯ ತನಕ ನಾನು ಮಣ್ಣಿನ ಅಂಚಿನಲ್ಲಿ ಮಾಡಿದರೆ ಬಿಟ್ಟು ಬರುತ್ತಿದ್ದೆ. ಈಗ ಎರಡು ಹಾಳೆ ಹಳೇ ಪೇಪರ್, ಒಂದು ಕವರ್ ಇಲ್ಲದೆ ಗೇಟು ದಾಟುವುದಿಲ್ಲ. ಅವನು ಗಿರಗಿರ ಸುತ್ತಲು ಶುರು ಮಾಡಿದರೆ ಹಿಂದಿನಿಂದ ಪೇಪರ್ ಜಾರಿಸುತ್ತೇನೆ. ನೆಲಕ್ಕೆ ಬೀಳುವುದೇ ಇಲ್ಲ. ಮನೆಗೆ ತಂದು ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡುತ್ತೇನೆ. ನಾಯಿಯ ಹೊಟ್ಟೆಹುಳದ ಮೊಟ್ಟೆ ಮಣ್ಣಿನಲ್ಲಿ ಬಹಳ ದಿನ ಉಳಿಯುತ್ತದೆ, ಆ ಮಣ್ಣಿನಲ್ಲಿ ಆಡಿದ ಮಕ್ಕಳಿಗೂ ತಗಲಬಹುದು. ಮೂರು ತಿಂಗಳಿಗೊಮ್ಮೆ ಹುಳದ ಮಾತ್ರೆ ಹಾಕೋದು ಅದಕ್ಕೇ.

ಭಾನುವಾರ ಒಮ್ಮೊಮ್ಮೆ ಕಬ್ಬನ್ ಪಾರ್ಕಿಗೆ ಹೋಗುತ್ತೇವೆ. ಲಾಲ್‌ಬಾಗ್ ನಮಗೆ ಹತ್ತಿರ, ಆದರೆ ಅಲ್ಲಿಗೆ ನಾಯಿ ಬಿಡುವುದಿಲ್ಲ. ನಮ್ಮ ಮೆಟ್ರೋದಲ್ಲೂ ಇಲ್ಲ. ಆಟೋದವರನ್ನು ಮೊದಲೇ ಕೇಳಿ, ಸೀಟಿನ ಮೇಲೆ ಅದೇ ಜಮಖಾನ ಹಾಸಿ, ಇಳಿಯುವಾಗ ಕೂದಲು ಒರೆಸಿ, ಐವತ್ತು ರೂಪಾಯಿ ಮೇಲೆ ಕೊಡುತ್ತೇನೆ. 2022ರಲ್ಲಿ ಕಬ್ಬನ್ ಪಾರ್ಕಿಗೂ ನಾಯಿ ತರಬಾರದು ಅಂತ ಮಾಡುವ ಮಾತು ಬಂದಿತ್ತು. ನಾಯಿ ಸಾಕಿದವರೆಲ್ಲ ವಿರೋಧ ಮಾಡಿದರು, ಅದು ಜಾರಿಯಾಗದೆ ನಿಂತಿತು. ನಾನೂ ವಿರೋಧದ ಪರವೇ ಇದ್ದೆ. ಆದರೆ ದೂರುಗಳನ್ನು ಓದಿದಾಗ ಯಾವುದೂ ಸುಳ್ಳು ಅನಿಸಲಿಲ್ಲ. ಬೆಲ್ಟ್ ಬಿಚ್ಚಿ ಬಿಡುತ್ತಾರೆ, ಗಲೀಜು ತೆಗೆಯುವುದಿಲ್ಲ. ಎರಡೂ ನಿಜ ಅಲ್ವಾ? ನಾಯಿಗಳಿಗೆ ಅಂತ ಬೇಲಿ ಹಾಕಿದ ಜಾಗ ಅಲ್ಲಿದೆ. ಬೆಲ್ಲನ ಬೆಲ್ಟ್ ಬಿಚ್ಚೋದು ಅದರೊಳಗೆ ಮಾತ್ರ.

ನನ್ನ ತಂಗಿ ಕನಕಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಅಲ್ಲಿ ನಾಯಿಗೆ ಲಿಫ್ಟ್ ಕೊಡಬೇಕೋ ಬೇಡವೋ ಅಂತ ದೊಡ್ಡ ಜಗಳವೇ ನಡೆದಿತ್ತು. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಸಂಘ ನಾಯಿ ಸಾಕಬೇಡಿ ಅನ್ನುವ ಹಾಗಿಲ್ಲ, ಲಿಫ್ಟ್ ಕೊಡಲ್ಲ ಅನ್ನುವ ಹಾಗೂ ಇಲ್ಲ. ಇನ್ನೊಂದು ಕಡೆ, ಸಾಕುಪ್ರಾಣಿಯಿಂದ ಯಾರಿಗಾದರೂ ಅಪಾಯ ಆಗುವ ಹಾಗೆ ಅಜಾಗ್ರತೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳ ತನಕ ಜೈಲು, 5,000 ರೂಪಾಯಿ ತನಕ ದಂಡ, ಅಥವಾ ಎರಡೂ ಇದೆ. ನಾನಂತೂ ಅವಳ ಮನೆಗೆ ಹೋದಾಗ ಲಿಫ್ಟ್ ಬಾಗಿಲು ತೆರೆದು ಒಳಗೆ ಯಾರಾದರೂ ಹಿಂದೆ ಸರಿದರೆ "ನೀವು ಹೋಗಿ, ನಾವು ಆಮೇಲೆ ಬರ್ತೀವಿ" ಅಂತೀನಿ. ಇನ್ನೊಂದು ಲಿಫ್ಟ್ ಬರೋದಕ್ಕೆ ಎರಡು ನಿಮಿಷ.

ಕೆಲವು ಕಡೆಗೆ ಕರೆದುಕೊಂಡೇ ಹೋಗುವುದಿಲ್ಲ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಟಾರು ರಸ್ತೆಗೆ ಅಂಗೈ ಹಿಂಭಾಗ ಇಟ್ಟು ನೋಡುತ್ತೇನೆ. ಐದಾರು ಸೆಕೆಂಡ್ ಇಡಲಾಗದಿದ್ದರೆ ಅವನ ಪಾದವೂ ಸುಡುತ್ತದೆ. ಗಣೇಶನ ಮೆರವಣಿಗೆ, ದೀಪಾವಳಿ ವಾರ ಮನೆಯೊಳಗೇ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಕೆಲವರು ನಾಯಿ ಜೊತೆ ಬರುತ್ತಾರೆ. ಕಾಲಿಡಲು ಜಾಗ ಇಲ್ಲದ ಆ ಜನಜಂಗುಳಿಯಲ್ಲಿ, ಪೀಪಿ ಸದ್ದಿನ ನಡುವೆ ನಾಲಿಗೆ ಚಾಚಿ ಏದುಸಿರು ಬಿಡುತ್ತಾ ನಿಂತ ನಾಯಿಯನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಆ ನಾಯಿಗೆ ಪರಿಷೆಯಿಂದ ಏನು ಸಿಗುತ್ತದೆ? ಆ ದಿನಗಳಲ್ಲಿ ನಾವು ಬೆಳಗ್ಗೆ ಐದಕ್ಕೆ ಎದ್ದು ಹನುಮಂತನಗರದ ಕಡೆ ಹೋಗಿ ಬರುತ್ತೇವೆ. ಪರಿಷೆಗೆ ನಾನೊಬ್ಬನೇ ಹೋಗಿ ಕಾಯಿ ತರುತ್ತೇನೆ.

ಹೂವಿನ ಅಮ್ಮ ಈಗಲೂ ಅದೇ ಜಾಗದಲ್ಲಿ ಕೂರುತ್ತಾರೆ. ಆ ಗುರುವಾರದ ನಂತರ ಆರು ತಿಂಗಳು ನಾನು ಬೆಲ್ಲನನ್ನು ಆ ರಸ್ತೆಗೆ ಕರೆತರಲಿಲ್ಲ. ಹೂವಿಗೆ ಒಬ್ಬನೇ ಬರುತ್ತಿದ್ದೆ. ಆಮೇಲೆ ಒಂದು ದಿನ ಅವರನ್ನೇ ಕೇಳಿದೆ, "ಅಮ್ಮ, ಅವನನ್ನ ಕರ್ಕೊಂಡು ಬರಲಾ? ದೂರ ನಿಲ್ಲಿಸ್ತೀನಿ." "ದೂರ ಅಂದ್ರೆ ಎಷ್ಟು ದೂರ?" ಅಂದರು. ನಾನು ಐದು ಹೆಜ್ಜೆ ಅಳೆದು ತೋರಿಸಿದೆ. ಅಲ್ಲೇ ವಿದ್ಯುತ್ ಕಂಬದ ಪಕ್ಕ.

ಈಗ ಗುರುವಾರ ಸಂಜೆ ನಾವಿಬ್ಬರೂ ಹೋಗುತ್ತೇವೆ. ಕಂಬದ ಪಕ್ಕ ಜಮಖಾನ ಹಾಸುತ್ತೇನೆ, ಬೆಲ್ಲ ಮಲಗುತ್ತಾನೆ. ನಾನು ಅವನ ಪಕ್ಕದಲ್ಲೇ ಬೆಲ್ಟ್ ಹಿಡಿದು ನಿಲ್ಲುತ್ತೇನೆ. ಅಮ್ಮನ ಮಗ ಎರಡು ಮೊಳ ಮಲ್ಲಿಗೆಯನ್ನು ಬಾಳೆಎಲೆಯಲ್ಲಿ ಕಟ್ಟಿ ತಂದುಕೊಟ್ಟು ದುಡ್ಡು ಇಸ್ಕೊಂಡು ಹೋಗುತ್ತಾನೆ. ನಾವು ಬರುವುದನ್ನು ಕಂಡರೆ ಅಮ್ಮ ಇನ್ನೂ ಬುಟ್ಟಿಯನ್ನು ಆ ಕಡೆಗೆ ಸರಿಸುತ್ತಾರೆ. ಸರಿಸಲಿ. ನಾನು ಕಂಬ ದಾಟುವುದಿಲ್ಲ.