ಮನೆಯಂಗಳದ ಹಲಸಿನ ಮರದಲ್ಲಿ ಸೀತಾಳೆ ದಂಡೆ: ನನ್ನ ಅನುಭವ

ಸೀತಾಳೆ ದಂಡೆ ಮರದ ಮೇಲೆ ಬೆಳೆಯುವ ಒಂದು ಆರ್ಕಿಡ್; ಅದಕ್ಕೆ ಕುಂಡ ಬೇಡ, ಮಣ್ಣಂತೂ ಬೇಡವೇ ಬೇಡ. ಒರಟು ತೊಗಟೆಯ ಒಂದು ಮರ, ಬೇರಿಗೆ ಗಾಳಿ, ಇಷ್ಟಿದ್ದರೆ ಬದುಕಿಕೊಳ್ಳುತ್ತದೆ. ನಮ್ಮ ಅಂಗಳದ ಹಲಸಿನ ಮರದಲ್ಲಿ ಈಗ ಪ್ರತಿವರ್ಷ ರೋಹಿಣಿ ಮಳೆಯ ಹೊತ್ತಿಗೆ ಗೊಂಚಲು ಇಳಿಬೀಳುತ್ತದೆ. ನೋಡಿದವರೆಲ್ಲ ಕೇಳುವುದು ಒಂದೇ: "ಇದನ್ನ ಹ್ಯಾಗೆ ಹಿಡಿಸಿದ್ರಿ?"

ಗಿಡ ಕಾಡಿನಿಂದ ಕಿತ್ತು ತಂದದ್ದಲ್ಲ. ನಮ್ಮ ತೋಟದಂಚಿನ ಹಳೇ ಮಾವಿನ ಕೊಂಬೆ ಗಾಳಿಗೆ ಮುರಿದು ಬಿತ್ತು. ಅದರ ಮೇಲಿದ್ದ ಗಿಡಗಳನ್ನು ನೆಲದಲ್ಲೇ ಬಿಟ್ಟಿದ್ದರೆ ಆ ಮಳೆಗಾಲದಲ್ಲೇ ಕೊಳೆತುಹೋಗುತ್ತಿದ್ದವು. ಕಾಡಿನಿಂದ ಕಿತ್ತದ್ದಲ್ಲ ಎಂದು ಒತ್ತಿ ಹೇಳಲು ಕಾರಣವಿದೆ. ಸೀತಾಳೆಯ ಬೀಜ ಬರೀ ಧೂಳು; ಮೊಳಕೆಗೆ ಬೇಕಾದ ಆಹಾರ ಅದರಲ್ಲಿ ಇರುವುದಿಲ್ಲ. ತಕ್ಕ ಶಿಲೀಂಧ್ರ ಜೊತೆಯಾದರೆ ಮಾತ್ರ ಮೊಳೆಯುತ್ತದೆ, ಮೊಳೆತದ್ದು ಹೂ ಬಿಡಲು ಹಲವು ವರ್ಷ ಹಿಡಿಯುತ್ತದೆ. ಕಾಡಿನಲ್ಲಿ ಒಂದು ದೊಡ್ಡ ಗಿಡ ಕಿತ್ತರೆ ಆ ಜಾಗ ಬೇಗ ತುಂಬುವುದಿಲ್ಲ. ಗಾಳಿಗೆ ಬಿದ್ದದ್ದು ಸಿಗದಿದ್ದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಸಸಿಯನ್ನು ನರ್ಸರಿಯಿಂದ ತನ್ನಿ. ಕಾಡಿನಿಂದ ತಂದು ಮಾರುವವರ ಹತ್ತಿರ ದಯವಿಟ್ಟು ಕೊಳ್ಳಬೇಡಿ.

ಕಟ್ಟಲು ಒಳ್ಳೆಯ ಕಾಲ ಮುಂಗಾರು ಶುರುವಾಗುವ ಹೊತ್ತು. ಆಗ ಬೇರಿನ ತುದಿ ಹಸಿರಾಗಿ ಚಿಗುರುತ್ತದೆ, ಮರಕ್ಕೆ ಅಂಟುವುದು ಆ ಹೊಸ ಬೇರೇ. ಹಲಸು, ಮಾವು ಎರಡೂ ಆಗುತ್ತವೆ. ಸಿಪ್ಪೆ ಉದುರಿಸುವ ಪೇರಲೆ, ನೀಲಗಿರಿ ಬೇಡ, ತೊಗಟೆಯ ಜೊತೆ ಗಿಡವೂ ಕಳಚಿಕೊಳ್ಳುತ್ತದೆ. ಕೊಳೆತ ಬೇರುಗಳನ್ನು ಕತ್ತರಿಸಿ, ಬೆಳಗಿನ ಬಿಸಿಲು ಬೀಳುವ ಪೂರ್ವದ ಮಗ್ಗುಲಿಗೆ ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿದೆ. ಗಿಡ ಅಲುಗಾಡಿದರೆ ಎಳೆ ಬೇರಿನ ತುದಿ ತಿಕ್ಕಿ ಸಾಯುತ್ತದೆ. ಬೇರು ಹಿಡಿಯುವಷ್ಟರಲ್ಲಿ ನಾರು ತಾನಾಗಿ ಕರಗುತ್ತದೆ, ಬಿಚ್ಚುವ ಕೆಲಸವಿಲ್ಲ. ಗಿಡದ ನೆತ್ತಿ ಮಾತ್ರ ಆಕಾಶಕ್ಕೆ ನೆಟ್ಟಗೆ ಇರಬಾರದು, ಓರೆಯಾಗಿರಲಿ. ಎಲೆಗಳೆಲ್ಲ ದೋಣಿಯಾಕಾರ, ಸುಳಿಯಲ್ಲಿ ನೀರು ನಿಂತರೆ ಆಷಾಢದ ಮಳೆಗೆ ಸುಳಿ ಕೊಳೆಯುತ್ತದೆ. ಒಂದೇ ಸುಳಿಯಿಂದ ಬೆಳೆಯುವ ಗಿಡವಾದ್ದರಿಂದ ಅದು ಹೋದರೆ ಚೇತರಿಸಿಕೊಳ್ಳುವುದು ಕಷ್ಟ.

ನೀರು ಯಾವಾಗ ಕೊಡಬೇಕೆಂದು ಗಿಡದ ಬೇರೇ ಹೇಳುತ್ತದೆ. ಒಣಗಿದಾಗ ಅದು ಬೆಳ್ಳಿಬಿಳುಪು. ನೀರು ತಾಗಿದ ಕೆಲವೇ ಕ್ಷಣದಲ್ಲಿ ಬಿಳುಪು ಮಾಸಿ ಒಳಗಿನ ಹಸಿರು ಮೇಲೆ ಬರುತ್ತದೆ, ಹೊರಪದರ ಸ್ಪಂಜಿನಂತೆ ನೀರು ಕುಡಿದದ್ದರ ಗುರುತು ಅದು. ಮತ್ತೆ ಬೆಳ್ಳಗಾಗುವ ತನಕ ನೀರು ಬೇಡ. ಮಳೆಗಾಲದಲ್ಲಿ ನಾನು ಏನೂ ಮಾಡುವುದಿಲ್ಲ, ರಾತ್ರಿ ಟಾರ್ಚ್ ಹಿಡಿದು ಶಂಖದ ಹುಳು ಆರಿಸುವುದೊಂದನ್ನು ಬಿಟ್ಟು. ಎಳೆ ಬೇರಿನ ತುದಿ ಅವಕ್ಕೆ ಬಲು ಇಷ್ಟ. ದೀಪಾವಳಿ ಕಳೆದ ಮೇಲೆ ನೀರು ಕಡಿಮೆ. ಚಳಿಗಾಲದಲ್ಲಿ ಗಿಡಕ್ಕೆ ವಿಶ್ರಾಂತಿ ಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಹೊತ್ತು ಸಿಂಪಡಿಸುತ್ತೇನೆ. ಗೊಬ್ಬರವೆಂದರೆ ಬೆಳವಣಿಗೆಯ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಲೀಟರ್ ನೀರಿಗೆ ಅರ್ಧ ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ), ಅಷ್ಟೇ.

ಮರವಿಲ್ಲದವರು ಮರದ ಪಟ್ಟಿಯ ತೂಗುಬುಟ್ಟಿಯಲ್ಲಿ ಇದ್ದಿಲ ಚೂರು ಹಾಕಿ ಬೆಳೆಸಬಹುದು. ಬೇರು ಹೊರಗೆ ಜೋತರೆ ಒಳಗೆ ತುರುಕಬೇಡಿ.

ಹೂವಿನ ವಿಷಯಕ್ಕೆ ಬಂದರೆ, ಒಂದು ದಂಡೆಯಲ್ಲಿ ನೂರಕ್ಕೂ ಹೆಚ್ಚು ಹೂ ಒತ್ತೊತ್ತಾಗಿ ಇರುತ್ತವೆ. ಬಿಳಿಯ ಮೇಲೆ ನೇರಳೆಗೆಂಪು ಚುಕ್ಕೆ, ನಡುವಿನ ತುಟಿಯಂಥ ಎಸಳು ಬಹುತೇಕ ಅದೇ ಬಣ್ಣ. ಕಂಪು ಮಲ್ಲಿಗೆಯಷ್ಟು ಜೋರಲ್ಲ. ಮಳೆ ಬಿಟ್ಟು ಬಿಸಿಲು ಬಿದ್ದ ಬೆಳಿಗ್ಗೆ ಮರದಡಿ ನಿಂತರೆ ತಿಳಿಯಾಗಿ ಬರುತ್ತದೆ. ಮಲೆನಾಡಿನಲ್ಲಿ ಹೆಣ್ಣುಮಕ್ಕಳು ಮುಡಿಯುತ್ತಿದ್ದ ಈ ಹೂವು ಅಸ್ಸಾಮಿನಲ್ಲಿ ರಾಜ್ಯಪುಷ್ಪ. ಬಿಹು ಕುಣಿತದಲ್ಲಿ ಅವರು ಮುಡಿಗಿಡುವುದೂ ಇದನ್ನೇ.

ಕಟ್ಟಿದ ಮೊದಲ ವರ್ಷ ಹೂ ಬಾರದಿದ್ದರೆ ಗಾಬರಿ ಬೇಡ, ಗಿಡ ಆಗ ಬೇರಿಗೆ ಶಕ್ತಿ ಹಾಕುತ್ತಿರುತ್ತದೆ. ಬೇರು ತೊಗಟೆಗೆ ಚಪ್ಪಟೆಯಾಗಿ ಅಂಟಿದ ಮೇಲೂ ಹೂ ಬಾರದಿದ್ದರೆ ನೆರಳು ಹೆಚ್ಚಾಗಿದೆ ಎಂದರ್ಥ. ಮೇಲಿನ ಒಂದೆರಡು ರೆಂಬೆ ಸವರಿ ಬೆಳಕು ಬಿಡಿ.