ಹನ್ನೆರಡು ಜನರಿಗೆ ಟೆರೇಸಿನ ಮೇಲೆ ನೂಲ್ಪುಟ್ಟು

ಹೋದ ಮೇ ತಿಂಗಳ ಒಂದು ಭಾನುವಾರ ಕುಶಾಲನಗರದ ನಮ್ಮ ಮನೆಯ ಟೆರೇಸಿನ ಮೇಲೆ ಹನ್ನೆರಡು ಮಂದಿ ಸ್ನೇಹಿತರಿಗೆ ಬಿಸಿ ನೂಲ್ಪುಟ್ಟು (ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಒರಳಿನಲ್ಲಿ ಒತ್ತಿ ತೆಗೆಯುವ ಶಾವಿಗೆ) ಮತ್ತು ಕಾಡುಮಾವಿನ ಕರಿ ಬಡಿಸಿ, ನಾನೂ ಅವರ ಜೊತೆಗೇ ಕುಳಿತು ಉಂಡೆ. ಇದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳುವವರು ಅಷ್ಟು ಜನರಿಗೆ ಒಮ್ಮೆಯೂ ನೂಲ್ಪುಟ್ಟು ಒತ್ತಿರಲಾರರು. ಒತ್ತುವವನು ಒಳಗೆ ಬೆವರು ಸುರಿಸುತ್ತಾ ನಿಂತಿರುವಾಗಲೇ ಹೊರಗಿನ ಹರಟೆಯೆಲ್ಲ ಮುಗಿದಿರುತ್ತದೆ. ಅವನ ಪಾಲಿಗೆ ಉಳಿಯುವುದು ಆರಿದ ಎರಡು ಪುಟ್ಟು ಮತ್ತು ಕರಿಯ ತಳದಲ್ಲಿರುವ ಗೊರಟು. "ಅದಕ್ಕೆ ಇಬ್ಬರು ಬೇಕು, ಅದೂ ಒಲೆಯ ಪಕ್ಕದಲ್ಲೇ ಆಗಬೇಕು, ನಿನ್ನೊಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಮಗಾ" ಎಂದು ಅವ್ವ ಮೊದಲೇ ಹೇಳಿದ್ದರು. ಮೂರು ಸಲ ಅವರ ಮಾತೇ ನಿಜವಾಯಿತು.

ಮಡಿಕೇರಿಯವರಿಗೆ ನಮ್ಮ ಬೇಸಿಗೆಯ ಕಷ್ಟ ತಿಳಿಯದು. ಮೂವತ್ತು ಕಿಲೋಮೀಟರ್ ಇಳಿದು ಕಾವೇರಿಯ ದಡಕ್ಕೆ ಬಂದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನ ಅಡುಗೆಮನೆಯಲ್ಲಿ ನಿಲ್ಲುವುದೇ ಒಂದು ಶಿಕ್ಷೆ. ಆದರೆ ಕಾಡುಮಾವು ಸಿಗುವುದೂ ಇದೇ ಕಾಲದಲ್ಲಿ, ಹೊರಗಡೆ ಓದುತ್ತಿರುವ ಮತ್ತು ದುಡಿಯುತ್ತಿರುವ ಗೆಳೆಯರು ಊರಿಗೆ ಬರುವುದೂ ಇದೇ ರಜೆಯಲ್ಲಿ. ಟೆರೇಸಿನ ಒಂದು ಬದಿಗೆ ತಗಡಿನ ಚಪ್ಪರವಿದ್ದು, ಪಕ್ಕದ ತೆಂಗಿನ ನೆರಳೂ ಬೀಳುವುದರಿಂದ ಅಲ್ಲಿಯೇ ಊಟವೆಂದು ನಿರ್ಧರಿಸಿದ್ದೆ.

ಮೊದಲ ಸಲ ಬೆಳಗಿನ ಐದು ಗಂಟೆಗೆ ಎದ್ದು ಎಲ್ಲವನ್ನೂ ಒತ್ತಿ ಬಿಸಿಯಾರದ ಡಬ್ಬಿಗಳಲ್ಲಿ ತುಂಬಿಟ್ಟೆ. ಮಧ್ಯಾಹ್ನ ಮುಚ್ಚಳ ತೆಗೆದಾಗ, ಮುಚ್ಚಳದಿಂದ ತೊಟ್ಟಿಕ್ಕಿದ ನೀರಿನಲ್ಲಿ ಮೇಲಿನದೆಲ್ಲ ನೆನೆದು ಗಂಜಿಯಂತಾಗಿತ್ತು, ಕೆಳಗಿನದು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿತ್ತು. ಎರಡನೆಯ ಸಲ ಅದೇ ತಪ್ಪಾಗಬಾರದೆಂದು ಬಿದಿರಿನ ಬುಟ್ಟಿಯಲ್ಲಿ ಬಟ್ಟೆ ಹಾಸಿ ಗಾಳಿಯಾಡುವಂತೆ ಇಟ್ಟೆ. ಹನ್ನೆರಡು ಗಂಟೆಯ ಹೊತ್ತಿಗೆ ಎಳೆಗಳು ಎಷ್ಟು ಬಿಗಿದುಕೊಂಡಿದ್ದವೆಂದರೆ, ಮೆಣಸು ಕೊಯ್ಯಿಸುವ ಕೆಲಸದಲ್ಲಿರುವ ಗೆಳೆಯನೊಬ್ಬ ಒಂದೆಳೆಯನ್ನು ಎಳೆದು ನೋಡಿ, ಇದರಿಂದ ಏಣಿ ಕಟ್ಟಬಹುದೆಂದ. ಆ ದಿನ ಹೋಟೆಲಿನಿಂದ ಪರೋಟ ತರಿಸಿದ್ದಕ್ಕೆ ಆರುನೂರು ರೂಪಾಯಿಯ ಹತ್ತಿರ ಖರ್ಚಾಯಿತು. ಹೋದ ಮಾನಕ್ಕೆ ಲೆಕ್ಕವಿಲ್ಲ.

ಮೂರನೆಯ ಸೋಲು ಪುಟ್ಟಿನದಲ್ಲ, ಕರಿಯದು, ಅದರ ನೋವು ಇನ್ನೂ ಇದೆ. ಕಾಡುಮಾವಿನ ಕರಿ ಮಾಡಿದ ದಿನಕ್ಕಿಂತ ಮಾರನೆಯ ದಿನ ರುಚಿ ಎಂಬುದು ಎಲ್ಲರಿಗೂ ಗೊತ್ತು. ತೆಂಗಿನಕಾಯಿ ಹಾಕದಿದ್ದರೆ ಬೇಸಿಗೆಯಲ್ಲಿಯೂ ಒಂದು ರಾತ್ರಿ ಕೆಡುವುದಿಲ್ಲ. ಹೀಗಾಗಿ ಶನಿವಾರ ಸಂಜೆಯೇ ಎಪ್ಪತ್ತು ಹಣ್ಣಿನ ಕರಿ ಮಾಡಿ, ಅಷ್ಟು ದೊಡ್ಡ ಪಾತ್ರೆ ಬೇರೆ ಇಲ್ಲವೆಂದು ಅಲ್ಯೂಮಿನಿಯಂ ದಬರಿಯಲ್ಲೇ ಬಿಟ್ಟು ಮಲಗಿದೆ. ಬೆಳಿಗ್ಗೆ ಬಣ್ಣ ಮಂಕಾಗಿತ್ತು, ನಾಲಗೆಗೆ ಲೋಹದ ಒಗರು ತಾಕುತ್ತಿತ್ತು. ಬೆಲ್ಲ ಸುರಿದರೂ ಹೋಗಲಿಲ್ಲ. ಎಪ್ಪತ್ತೂ ಹಣ್ಣು ಬಾಳೆಯ ಬುಡಕ್ಕೆ ಹೋದವು. ಹುಳಿ ಪದಾರ್ಥವನ್ನು ಅಲ್ಯೂಮಿನಿಯಂನಲ್ಲಿ ಇಡಬಾರದೆಂಬುದು ತಿಳಿಯದ ವಿಷಯವೇನೂ ಆಗಿರಲಿಲ್ಲ, ಸೋಮಾರಿತನ ಅಷ್ಟೆ. ಈಗ ಒಂಬೈನೂರು ರೂಪಾಯಿ ಕೊಟ್ಟು ದೊಡ್ಡ ಸ್ಟೀಲಿನ ಪಾತ್ರೆಯೊಂದನ್ನು ಇದಕ್ಕೆಂದೇ ತಂದಿದ್ದೇನೆ.

ಒರಳಿನ ವಿಷಯದಲ್ಲಿಯೂ ಹಣ ಕಳೆದುಕೊಂಡಿದ್ದೇನೆ. ತಿರುಪು ತಿರುಗಿಸುವ ಸ್ಟೀಲಿನ ಒರಳನ್ನು ಸುಮಾರು ಎಂಟುನೂರಕ್ಕೆ ಕೊಂಡೆ. ಹತ್ತು ಉಂಡೆ ಒತ್ತುವಷ್ಟರಲ್ಲಿ ಹಿಟ್ಟು ತೂತಿನ ಬಿಲ್ಲೆಯ ಬದಲು ಮೇಲಿನ ಸಂದಿಯಿಂದ ಉಕ್ಕಲಾರಂಭಿಸಿತು, ಎರಡನೆಯ ವಾರಕ್ಕೆ ತಿರುಪಿನ ಹಲ್ಲು ಸವೆದುಹೋಯಿತು. ಕೊನೆಗೆ ಅಟ್ಟದ ಮೇಲಿದ್ದ ಅವ್ವನ ಮರದ ಒರಳನ್ನು ಇಳಿಸಿ, ಹಿತ್ತಾಳೆಯ ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ತೂತುಗಳನ್ನು ಹೊಲಿಗೆಯ ಸೂಜಿಯಿಂದ ಒಂದೊಂದಾಗಿ ಬಿಡಿಸಿದೆ. ಅದಕ್ಕೆ ಖರ್ಚಾದದ್ದು ಒಂದು ಸಂಜೆ ಮಾತ್ರ.

ನಾಲ್ಕನೆಯ ಸಲ ಯೋಚನೆಯನ್ನೇ ತಿರುವಿ ಹಾಕಿದೆ. ಒತ್ತಿದ ಪುಟ್ಟನ್ನು ಕಾಪಾಡುವ ಗೋಜೇ ಬೇಡ, ಒತ್ತದ ಉಂಡೆಯನ್ನೇ ಬಿಸಿಯಾಗಿ ಕಾಯ್ದಿಟ್ಟು, ಎಲೆ ಹಾಕಿದ ಮೇಲೆ ಅಲ್ಲಿಯೇ ಒತ್ತಿದರಾಯಿತು. ಒಂದೂವರೆ ಕಿಲೋ ಅಕ್ಕಿಯ ಹಿಟ್ಟನ್ನು ಕಾಯಿಸಿ ನಲವತ್ತರ ಆಸುಪಾಸಿನ ಉಂಡೆಗಳನ್ನು ಕಟ್ಟಿಕೊಂಡೆ. ಗೆಳೆಯರು ಬರುವ ಅರ್ಧ ಗಂಟೆ ಮೊದಲು ಗ್ಯಾಸ್ ಒಲೆಯನ್ನೂ ಪುಟ್ಟು ಬೇಯಿಸುವ ಪಾತ್ರೆಯನ್ನೂ ಟೆರೇಸಿಗೆ ಸಾಗಿಸಿದೆ. ಎಲ್ಲವನ್ನೂ ಒಮ್ಮೆಗೇ ಹಬೆಗೆ ಇಡಬಾರದು. ಮುಕ್ಕಾಲು ಗಂಟೆ ಹಬೆಯಲ್ಲಿ ಕುಳಿತ ಉಂಡೆಯ ಹೊರಮೈ ಲೋಳೆಯಾಗಿ ಒರಳಿನ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲು ಅರ್ಧ, ಅವು ಮುಗಿಯುತ್ತಾ ಬಂದಂತೆ ಉಳಿದರ್ಧ. ಮುಚ್ಚಳಕ್ಕೆ ಒಂದು ಹಳೆಯ ಪಂಚೆಯನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದರೆ ಬೆವರು ನೀರೆಲ್ಲ ಬಟ್ಟೆಗೆ ಹೋಗುತ್ತದೆ. ಪಾತ್ರೆಗೆ ಸೇರಿಸುವ ನೀರು ಕುದಿಯುತ್ತಲೇ ಇರಬೇಕು. ನಾನು ಒಮ್ಮೆ ತಣ್ಣೀರು ಹೊಯ್ದು ಹಬೆ ಸತ್ತು, ಆರು ಉಂಡೆ ಗಟ್ಟಿಯಾದವು. ಗಾಳಿಗೆ ಉರಿ ವಾಲದಂತೆ ಮೂರು ಕಡೆ ತಗಡು ನಿಲ್ಲಿಸಿದ್ದೆ. ಹಿಟ್ಟಿಗೆ ಇನ್ನೊಂದು ವಸ್ತುವನ್ನೂ ಸೇರಿಸುತ್ತೇನೆ, ಅದನ್ನು ಅವ್ವನಿಗೂ ಹೇಳಿಲ್ಲ.

ಒರಳನ್ನು ಪಂಕ್ತಿಯ ನಡುವೆ ಇಟ್ಟದ್ದರಿಂದ ನಾನು ನಿರೀಕ್ಷಿಸದ ಒಂದು ಲಾಭವಾಯಿತು. ಬ್ಯಾಂಕಿನಲ್ಲಿರುವ ಗೆಳೆಯನೊಬ್ಬ, ಹಿಂದಿನ ಮೂರು ಸಲವೂ ಹೆಚ್ಚು ನಕ್ಕವನು, ತನ್ನ ಎಲೆಯ ಮೇಲೆ ತಾನೇ ಒತ್ತಿಕೊಳ್ಳುತ್ತೇನೆಂದು ಎದ್ದುಬಂದ. ಬಿಳಿಯ ಎಳೆಗಳು ಸುರುಳಿ ಸುತ್ತುತ್ತಾ ಬಾಳೆಯೆಲೆಯ ಮೇಲೆ ಇಳಿದು, ಅದರ ಬಿಸಿಗೆ ಎಲೆಯ ಹಸಿರು ಕಪ್ಪಾಗಿ ವಾಸನೆ ಎದ್ದಾಗ ಉಳಿದವರೂ ಸಾಲು ನಿಂತರು. ನಾನು ಒತ್ತಿದ್ದು ಹೆಚ್ಚೆಂದರೆ ಹದಿನೈದು.

ಹಣ್ಣನ್ನು ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಮೂವತ್ತಕ್ಕೆ ನೂರು ರೂಪಾಯಿಯಂತೆ ತಂದಿದ್ದೆ, ಉಳಿದದ್ದು ಸುಂಟಿಕೊಪ್ಪದ ಕಡೆಯ ಒಂದು ಮರದ್ದು; ಯಾವ ಮರವೆಂದು ಕೇಳಬೇಡಿ. ಸಿಪ್ಪೆಯನ್ನು ಎಸೆಯದೆ ನೀರಿನಲ್ಲಿ ಕಿವುಚಿ ಆ ರಸವನ್ನೇ ಕರಿಗೆ ಹಾಕುವುದು ಗೊತ್ತಿರುವ ಕ್ರಮವೇ. ಬೆಲ್ಲ ಕಾಲು ಕಿಲೋಗಿಂತ ತುಸು ಹೆಚ್ಚೇ ಹೋಯಿತು. ಒಂದು ವಾರ ಕಾಡುಮಾವು ಸಿಗದೆ ಬಾದಾಮಿ ಮಾವಿನಲ್ಲಿ ಮಾಡಿ, ಹುಳಿ ಸಾಲದೆಂದು ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಸೇರಿಸಿದ್ದೆ. ಕರಿ ಪಂದಿಕರಿಯ ಬಣ್ಣಕ್ಕೆ ತಿರುಗಿತು, ರುಚಿ ಎರಡೂ ಕಡೆ ಸಲ್ಲಲಿಲ್ಲ. ಕಾಚಂಪುಳಿಯನ್ನು ಅದರ ಜಾಗದಲ್ಲೇ ಇರಲು ಬಿಡುವುದು ಲೇಸು.

ಕುಡಿಯಲು ಬೇಲಿಯ ಪ್ಯಾಶನ್ ಫ್ರೂಟ್ ಇತ್ತು. ಮೊದಲು ತಿರುಳನ್ನು ಮಿಕ್ಸಿಗೆ ಹಾಕಿ ಬೀಜವೆಲ್ಲ ನುಚ್ಚಾಗಿ ಪಾನಕದಲ್ಲಿ ಕಪ್ಪು ಮರಳು ತೇಲಿತು. ಈಗ ಕಡಗೋಲಿನಲ್ಲಿ ಕಡೆದು ಸೋಸುತ್ತೇನೆ. ನಂಚಿಕೊಳ್ಳಲು ಹಲಸಿನ ಬೀಜದ ಪಜ್ಜಿಯನ್ನೂ (ಚಟ್ನಿ) ಮಾಡಿದ್ದೆ, ಯಾರೂ ಅಷ್ಟಾಗಿ ಮುಟ್ಟಲಿಲ್ಲ.

ಅಂದಿನ ಒಟ್ಟು ಖರ್ಚು ಸಾವಿರದ ಇನ್ನೂರರೊಳಗೆ ಮುಗಿಯಿತು, ಅಂದರೆ ತಲೆಗೆ ನೂರು ರೂಪಾಯಿಯೊಳಗೆ. ಮೂರು ಗಂಟೆಗೆ ಗುಡುಗಿದಾಗ ಎಲೆಗಳಲ್ಲಿ ಗೊರಟುಗಳಷ್ಟೇ ಇದ್ದವು, ಎಲ್ಲರೂ ಸೇರಿ ಒಲೆ, ಒರಳುಗಳನ್ನು ಕೆಳಗಿಳಿಸಿದರು. ಅವ್ವ ಕೆಳಗೆ ಕುಳಿತು ಕೊನೆಯ ಎರಡು ಉಂಡೆಗಳನ್ನು ತಮ್ಮ ಕೈಯಿಂದಲೇ ಒತ್ತಿಕೊಂಡು ಉಂಡರು. ಉಪ್ಪು ಒಂದು ಚಿಟಿಕೆ ಹೆಚ್ಚಾಯಿತೆಂದರು, ಹಿಟ್ಟಿಗೆ ಏನು ಹಾಕಿದೆಯೆಂದು ಎರಡು ಸಲ ಕೇಳಿದರು.